ಕೇಳದೆ ಕೊಡದ ಮದ್ದು

ಆರ್ಡೆಲ್ ತನ್ನ ಅಳಿಯನ ಜೊತೆ ಹದಿನೇಳು ವರ್ಷಗಳಲ್ಲಿ ಒಂದು ಮಾತನ್ನೂ ನೇರವಾಗಿ ಆಡಿದವಳಲ್ಲ. ಜಗಳವೇನೂ ಇಲ್ಲ. ಅವನ ಅಂಗಿಗೆ ಗುಂಡಿ ಹಾಕಿಕೊಡುವವಳು ಅವಳು, ಅವಳ ಒಲೆಗೆ ಸೌದೆ ಒಡೆದು ಜೋಡಿಸುವವನು ಅವನು. ಮೂಲನಿವಾಸಿಗಳಾದ ನಮ್ಮಲ್ಲಿ ಅತ್ತೆಯೂ ಅಳಿಯನೂ ಮುಖ ನೋಡಿ ಮಾತಾಡಬಾರದು, ಕೈಯಿಂದ ಕೈಗೆ ಏನನ್ನೂ ಕೊಡಬಾರದು. ಒಬ್ಬರಿಗೊಬ್ಬರು ತೋರುವ ಮರ್ಯಾದೆ ಅದು. ಈಗಿನ ಅಳಿಯಂದಿರು ಅತ್ತೆಯ ಪಕ್ಕದಲ್ಲೇ ಕೂತು ಬಿಂಗೊ ಆಡುತ್ತಾರೆ. ಆದರೆ ಈ ಅಳಿಯ ಲೀಲ್ಯಾಂಡ್ ನನ್ನ ಅಣ್ಣನ ಮಗ. ಅವನನ್ನು ಸಾಕಿದ್ದು ನನ್ನ ಅಪ್ಪ, ಹಳೆಯ ಕಾಲದ ಮನುಷ್ಯ. ಅತ್ತೆ ಎದುರು ಬಂದರೆ ಲೀಲ್ಯಾಂಡನ ಕೈ ತಾನಾಗಿಯೇ ಟೋಪಿಯನ್ನು ಕಣ್ಣಿನ ಮೇಲೆ ಎಳೆದುಕೊಳ್ಳುತ್ತದೆ.

ಅವರಿಬ್ಬರ ಮಾತನ್ನು ಮೊದಲು ಒಯ್ಯುತ್ತಿದ್ದವಳು ಆರ್ಡೆಲ್‌ಳ ಮಗಳು ಕೊರೀನ್. ಅವಳು ತೀರಿಕೊಂಡ ಮೇಲೆ ಆ ಕೆಲಸ ಮೊಮ್ಮಗಳು ಟಾಶಿನಾಳಿಗೆ ಬಂತು. ಆಗ ಅವಳಿಗೆ ಹನ್ನೆರಡು. ಅಜ್ಜಿಯ ಮನೆಯ ಅಂಗಳದಲ್ಲೇ, ರಸ್ತೆ ಮಟ್ಟ ಮಾಡುವ ಗ್ರೇಡರ್ ಯಂತ್ರ ಓಡಿಸುವ ಲೀಲ್ಯಾಂಡನ ಟ್ರೇಲರ್ ಮನೆ. ಹುಡುಗಿ ಮಲಗುತ್ತಿದ್ದುದು ಅಜ್ಜಿಯ ಮನೆಯಲ್ಲಿ. ಊಟ ಮೂವರಿಗೂ ಅಜ್ಜಿಯ ಅಡುಗೆಮನೆಯಲ್ಲಿ. ಲೀಲ್ಯಾಂಡ್ ಬಾಗಿಲ ಹತ್ತಿರದ ಸಣ್ಣ ಮೇಜಿಗೆ ಗೋಡೆಯ ಕಡೆ ಮುಖ ಮಾಡಿ ಕೂರುತ್ತಿದ್ದ, ಆರ್ಡೆಲ್ ಒಲೆಯ ಹತ್ತಿರ, ಹುಡುಗಿ ನಡುವೆ.

"ನಿಮ್ಮಪ್ಪನ್ನ ಕೇಳು, ಇನ್ನೂ ಸ್ವಲ್ಪ ಸೂಪು ಹಾಕ್ಲಾ ಅಂತ."

"ಅಪ್ಪಾ, ಇನ್ನೂ ಸ್ವಲ್ಪ ಹಾಕ್ಲಾ? ಹೊಟ್ಟೆ ಹೀಗೇ ಬೆಳೀತಾ ಹೋದ್ರೆ ಗ್ರೇಡರ್ ಸೀಟು ಸಾಲಲ್ಲ ಅಂತಿದಾರೆ ಅಜ್ಜಿ."

"ನಾನೆಲ್ಲೇ ಹಾಗಂದೆ!"

"ಅಜ್ಜಿಗೆ ಹೇಳು," ಗೋಡೆ ನೋಡಿಕೊಂಡೇ ಲೀಲ್ಯಾಂಡ್ ಅನ್ನುತ್ತಿದ್ದ, "ಸೀಟು ಸಾಲದೇ ಇದ್ರೆ ತಪ್ಪು ಸೂಪಿಂದು, ನಂದಲ್ಲ ಅಂತ."

"ಅಜ್ಜೀ, ಸೂಪಿಗೆ ಉಪ್ಪು ಜಾಸ್ತಿಯಂತೆ."

ಅಜ್ಜಿ ಸೌಟು ಎತ್ತುತ್ತಿದ್ದಳು. ಲೀಲ್ಯಾಂಡನ ಬೆನ್ನು ನಗುವಿಗೆ ಕುಲುಕುತ್ತಿತ್ತು. ನಾನು ರಸ್ತೆಯ ಆಚೆ ಬದಿಯವಳು. ಆ ನಗು ಕೇಳುವುದಕ್ಕೆಂದೇ ಎಷ್ಟೋ ಸಂಜೆ ರೊಟ್ಟಿ ಕರಿದು ಒಯ್ದಿದ್ದೇನೆ.

ಆರ್ಡೆಲ್ ನನಗೆ ಬೀಗಿತ್ತಿ. ಹಾಗೆಂದೇ ನನ್ನನ್ನು ಕರೆಯುತ್ತಾಳೆ, ಅದರಲ್ಲಿ ಕೀಟಲೆ ಇದ್ದೇ ಇರುತ್ತದೆ. ಅವಳು ಹುಟ್ಟಿದ್ದು ಹಳ್ಳದ ಪಕ್ಕದ ಮರದ ದಿಮ್ಮಿಯ ಮನೆಯಲ್ಲಿ. ಏಳನೆಯ ವಯಸ್ಸಿಗೆ ಒಂದು ಬಸ್ಸು ಬಂದು ಬಿಳಿಯರು ನಡೆಸುವ ದೂರದ ಹಾಸ್ಟೆಲ್ ಶಾಲೆಗೆ ಅವಳನ್ನು ಒಯ್ದಿತು. ಅಲ್ಲಿ ಜಡೆ ಕತ್ತರಿಸಿದರು, ನಮ್ಮ ಮಾತು ಆಡಿದರೆ ಬಾಯಿಗೆ ಸೋಪು ಹಾಕಿದರು, ಕೊನೆಗೆ ಅಡುಗೆಮನೆಗೆ ಹಾಕಿದರು. ಅದೇ ವಿದ್ಯೆಯಲ್ಲಿ ಅವಳು ನಮ್ಮೂರ ಶಾಲೆಯಲ್ಲಿ ಮೂವತ್ತೊಂದು ವರ್ಷ ಅಡುಗೆ ಮಾಡಿದಳು. ಬೇಸಿಗೆ ರಜೆಗಳಲ್ಲಿ ಅವಳ ಅಜ್ಜಿ ಅವಳನ್ನು ಹುಲ್ಲುಗಾವಲಿಗೆ ಕರೆದೊಯ್ದು ಬೇರು, ಸೊಪ್ಪು, ತೊಗಟೆ ಒಂದೊಂದನ್ನೂ ಮೂಸಿಸಿ ಕಲಿಸಿದ್ದಳು. ಹಲ್ಲುನೋವಿಗೆ, ಬಾಣಂತಿಯ ನಡುಕಕ್ಕೆ, ಸಾವಿನ ಮನೆಯಿಂದ ಬಂದು ನಿದ್ದೆ ಬಾರದವರಿಗೆ ಜನ ಅವಳನ್ನು ಹುಡುಕಿಕೊಂಡು ಬರುತ್ತಿದ್ದರು. ಮನೆಯ ಹಿಂದೆ ವಿಲೋ ಕೊಂಬೆ ಬಾಗಿಸಿ ಕಟ್ಟಿದ ಬೆವರುಗುಡಿಸಲಿತ್ತು. ಗುರುವಾರ ನಾವು ಹೆಂಗಸರು ಅದರೊಳಗೆ ಕಾದ ಕಲ್ಲುಗಳ ಸುತ್ತ ಹಬೆಯಲ್ಲಿ ಬೆವರುತ್ತ ಕೂತು, ಎಲ್ಲರ ತಾತನಾದ ತುಂಕಾಶಿಲಾನನ್ನು ಕರೆದು ಅತ್ತು ಹಗುರಾಗಿ ಬರುತ್ತಿದ್ದೆವು. ಭಾನುವಾರ ನಾನು ಗುಡ್ಡದ ಮೇಲಿನ ಪುಟ್ಟ ಚರ್ಚಿಗೂ ಹೋಗುತ್ತೇನೆ. ಕೇಳಿಸಿಕೊಳ್ಳುವವನು ಒಬ್ಬನೇ ಎಂದು ನನ್ನ ನಂಬಿಕೆ.

ಆದರೆ ಆರ್ಡೆಲ್ ಕರೆಯದೆ ಯಾರ ಮನೆಗೂ ಹೋದವಳಲ್ಲ. ರೋಗಿಯ ಮನೆಯವರೊಬ್ಬರು ಹೊಗೆಸೊಪ್ಪನ್ನು ಕೆಂಪು ಬಟ್ಟೆಯಲ್ಲಿ ಗಂಟು ಕಟ್ಟಿ ಅವಳ ಮುಂದೆ ಇಡಬೇಕು. ರೋಗಿ ತನ್ನ ಬಾಯಿಂದ ಹೂಂ ಅನ್ನಬೇಕು. ಎರಡೂ ಆಗದೆ ಅವಳು ಒಂದು ಎಲೆಯನ್ನೂ ಕುದಿಸುವುದಿಲ್ಲ.

ಒಂದೇ ಒಂದು ಸಲ ಆ ಕಟ್ಟಳೆ ಮುರಿದಿದ್ದಳು. ಕೊರೀನಳ ಮೂತ್ರಪಿಂಡ ಹೋಗಿ ವಾರಕ್ಕೆ ಮೂರು ಸಲ ರಕ್ತ ಶುದ್ಧಿ ಮಾಡಿಸುತ್ತಿದ್ದ ಕಾಲ. "ಅಮ್ಮಾ, ನಿನ್ನ ಬೇರು ಬೇಡ, ಡಾಕ್ಟರು ಬೇಡ ಅಂದಿದಾರೆ" ಎಂದು ಮಗಳು ಸ್ಪಷ್ಟವಾಗಿ ಹೇಳಿದ್ದಳು. ತಾಯಿಯ ಜೀವ ತಡೆಯಲಿಲ್ಲ. ನಾಲ್ಕು ದಿನ ಸೂಪಿನಲ್ಲಿ ಬೇರಿನ ಪುಡಿ ಬೆರೆಸಿ ಕೊಟ್ಟಳು. ಅದಾಗಿ ಐದನೆಯ ವಾರ ಕೊರೀನ್ ಹೋದಳು. ಹೃದಯ ನಿಂತಿತು, ಈ ರೋಗದಲ್ಲಿ ಹಾಗಾಗುವುದುಂಟು ಎಂದರು ಡಾಕ್ಟರು. ಆರ್ಡೆಲ್ ಒಪ್ಪಲಿಲ್ಲ.

"ಕೇಳದೆ ಕೊಟ್ಟ ಮದ್ದು ದಾರಿ ತಪ್ಪತ್ತೆ ಬೀಗಿತ್ತಿ. ಕದ್ದು ಕೊಟ್ಟೆ. ಕಳ್ಳತನದ್ದು ಒಳ್ಳೇದು ಮಾಡತ್ತಾ?" ಎಂದು ನನ್ನೊಬ್ಬಳಿಗೇ ಹೇಳಿದ್ದಳು.

ಈ ವರ್ಷ ಫೆಬ್ರವರಿಯಲ್ಲಿ ಜ್ಯಾಸ್ಲಿನ್ ಎಂಬ ಹುಡುಗಿ ತನ್ನ ಜೀವ ತಾನೇ ತೆಗೆದುಕೊಂಡಳು. ಟಾಶಿನಾಳ ಗೆಳತಿ, ಬಾಸ್ಕೆಟ್‌ಬಾಲ್ ತಂಡದಲ್ಲಿ ಜೊತೆಯವಳು, ಹದಿನೈದು ವರ್ಷ. ಆ ಚಳಿಗಾಲದಲ್ಲಿ ನಮ್ಮ ಕಡೆ ಅವಳು ಮೂರನೆಯವಳು. ಶಾಲೆಯ ಆಟದ ಅಂಗಣದಲ್ಲೇ ಎರಡು ದಿನ ಶವಪೆಟ್ಟಿಗೆ ಇಟ್ಟುಕೊಂಡು ಕೂತೆವು. ಅವಳ ಮೇಲೆ ಹೊದೆಸಿದ ನಕ್ಷತ್ರದ ಕೌದಿಯನ್ನು ಹೊಲಿದವರಲ್ಲಿ ನಾನೂ ಒಬ್ಬಳು. ಟಾಶಿನಾ, ಹಿಂದಿನವರು ಸಾವಿಗೆ ಮಾಡುತ್ತಿದ್ದ ಹಾಗೆ, ಅಡುಗೆಮನೆಯ ಕತ್ತರಿಯಿಂದ ಕಿವಿಯವರೆಗೆ ಕೂದಲು ಕತ್ತರಿಸಿಕೊಂಡು ಬಂದಿದ್ದಳು.

ಮಣ್ಣು ಮಾಡಿ ಬಂದ ಮೇಲೆ ಅವಳ ಮಾತು ನಿಂತಿತು. ಪೂರ್ತಿ ಮೂಕಿಯಾಗಲಿಲ್ಲ. ಹೂಂ, ಉಹುಂ, ಗೊತ್ತಿಲ್ಲ. ತಟ್ಟೆಯಲ್ಲಿ ಅನ್ನವನ್ನೋ ಮಾಂಸವನ್ನೋ ಅಂಚಿಗೆ ತಳ್ಳಿ ಎದ್ದುಹೋಗುವಳು. ಅವಳು ಸುಮ್ಮನಾದದ್ದೇ ಆ ಮನೆಯಲ್ಲಿ ಮೂವರೂ ಸುಮ್ಮನಾದರು. ಕಡೆಗೆ ದೊಡ್ಡವರಿಬ್ಬರೂ ಮಾತು ದಾಟಿಸಲು ಲೀಲ್ಯಾಂಡನ ನಾಯಿಯ ಮೊರೆ ಹೋದರು.

"ಏ ನಾಯೀ, ನಿನ್ನ ಯಜಮಾನನಿಗೆ ಹೇಳು, ಪ್ರೋಪೇನ್ ಗ್ಯಾಸು ಮುಗೀತಾ ಬಂತು."

"ನಾಯೀ, ನಾಳೆ ತರಿಸ್ತೀನಿ ಅಂತ ಹೇಳು."

ನಾಯಿ ಬಾಲ ಆಡಿಸುತ್ತಿತ್ತು. ಹೇಳುವ ಮಾತು ಉದ್ದವಾದರೆ ಅರ್ಧದಲ್ಲೇ ಎದ್ದು ಹೊರಗೆ ಹೋಗುತ್ತಿತ್ತು. ಗ್ಯಾಸಿನ ವಿಷಯ ನಾಯಿಗೆ ಹೇಳಬಹುದು. ಹುಡುಗಿ ಅಲ್ಲೇ ಕೂತಿರುವಾಗ ಹುಡುಗಿಯ ವಿಷಯ ನಾಯಿಗೆ ಹೇಗೆ ಹೇಳುವುದು?

ಮಾರ್ಚಿನ ಕೊನೆಗೆ ಹಿಮ ಕರಗಿ ಅಂಗಳವೆಲ್ಲ ಅಂಟುಮಣ್ಣಾಗಿತ್ತು. ಆರ್ಡೆಲ್ ನನ್ನ ಮನೆಗೆ ಬಂದು ಬೂಟು ಬಿಚ್ಚದೆ ಬಾಗಿಲಲ್ಲೇ ನಿಂತಳು.

"ಹುಡುಗಿ ಹೋಗ್ತಾ ಇದಾಳೆ ಬೀಗಿತ್ತಿ. ಆತ್ಮ ಒಂದು ಹೆಜ್ಜೆ ಆಚೆ ನಿಂತಿದೆ. ಇಂಥದ್ದು ನಾನು ನೋಡಿದೀನಿ."

"ಮತ್ತೆ ಏನಾದ್ರೂ ಮಾಡೇ."

"ಬೇರು ತೊಳೆದಿಟ್ಟಿದೀನಿ. ಕಲ್ಲು ಆರಿಸಿಟ್ಟಿದೀನಿ. ಅವಳಪ್ಪ ಹೊಗೆಸೊಪ್ಪು ಕಳಿಸಿಲ್ಲ."

"ನಾನು ತರ್ತೀನಿ. ನಾನೂ ಅವಳಿಗೆ ಅಜ್ಜಿಯ ಸಮಾನ."

"ಅಪ್ಪ ಬದುಕಿರೋವಾಗ ನೀನ್ಯಾಕೆ ತರ್ತೀಯ? ಅವನು ಕಳಿಸಿದ್ರೆ ತಾ."

"ಹಾಗಾದ್ರೆ ಕಳಿಸು ಅಂತ ಅವನಿಗೆ ಹೇಳ್ತೀನಿ."

"ಬೇಡ!" ಅವಳು ಅಷ್ಟು ಜೋರಾಗಿ ಮಾತಾಡಿದ್ದು ನಾನು ಕೇಳಿರಲಿಲ್ಲ. "ನಾನೇ ಹೇಳಿಕಳಿಸಿ ನನ್ನನ್ನೇ ಕೇಳಿಸ್ಕೊಂಡ್ರೆ ಅದು ಕೇಳಿದ ಹಾಗಾ? ಸೂಪಲ್ಲಿ ಬೆರೆಸಿದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ? ಪ್ರಮಾಣ ಮಾಡು, ನೀನು ಬಾಯಿ ಬಿಡಲ್ಲ ಅಂತ."

ನಾನು ಪ್ರಮಾಣ ಮಾಡಿದೆ. ಮಾಡಬಾರದಿತ್ತು. ಒಂದು ತಿಂಗಳು ಆ ಪ್ರಮಾಣ ಇಟ್ಟುಕೊಂಡು ಕಿಟಕಿಯಿಂದ ಆ ಮನೆ ನೋಡುತ್ತ ಕೂತೆ. ಜಪಮಾಲೆಯ ಮಣಿಗಳು ಸವೆದವು, ಹುಡುಗಿಯೂ ಸವೆದಳು.

ಏಪ್ರಿಲ್ ಕೊನೆಯಲ್ಲಿ ಶಾಲೆಯ ಆಪ್ತಸಲಹೆಗಾರ್ತಿ ಬಂದಳು. ಹೊರಗಿನವಳು, ಸಣ್ಣ ವಯಸ್ಸು, ಒಳ್ಳೆಯ ಹುಡುಗಿ. ಅಂಟುಮಣ್ಣಿನಲ್ಲಿ ಕಾರು ಹೂತು ನಡೆದೇ ಬಂದಿದ್ದಳು. ಟಾಶಿನಾಳನ್ನು ಕೂರಿಸಿಕೊಂಡು ಕಾಗದ ತುಂಬಿಸಿದಳು. ವೈದ್ಯರನ್ನು ಕಾಣಲು ಹತ್ತೊಂಬತ್ತು ದಿನಗಳ ನಂತರದ ತಾರೀಖು ಸಿಕ್ಕಿತು. "ಅದಕ್ಕಿಂತ ಮುಂಚೆ ಇಲ್ಲ ಅಜ್ಜಿ, ತುಂಬ ಮಕ್ಕಳಿದಾರೆ" ಎನ್ನುವಾಗ ಅವಳದೇ ಕಣ್ಣು ತುಂಬಿತ್ತು.

ಹತ್ತೊಂಬತ್ತು ದಿನ ಎಂದು ಕೇಳಿದ ಮರುದಿನ ಬೆಳಿಗ್ಗೆ ನಾನು ಮಾತು ಮುರಿದೆ. ದೇವರು ಕ್ಷಮಿಸಲಿ. ಲೀಲ್ಯಾಂಡ್ ಸೇತುವೆಯ ಹತ್ತಿರ ರಸ್ತೆ ಮಟ್ಟ ಮಾಡುತ್ತಿದ್ದ. ನನ್ನನ್ನು ನೋಡಿ ಗ್ರೇಡರ್ ನಿಲ್ಲಿಸಿ ಇಳಿದ.

"ಏನತ್ತೇ, ಇಷ್ಟು ದೂರ ನಡ್ಕೊಂಡು? ಹುಡುಗಿಗೇನಾದ್ರೂ..."

"ಏನೂ ಆಗಿಲ್ಲ. ಆಗೋಕೆ ಕಾಯ್ತಿದೀಯೇನೋ? ಇಷ್ಟು ದಿನ ಆಯ್ತು, ಒಂದು ಗಂಟು ಹೊಗೆಸೊಪ್ಪು ಕಟ್ಟೋಕೆ ನಿನ್ನ ಕೈ ಬಿದ್ದುಹೋಗಿತ್ತಾ?"

ಅವನು ಟೋಪಿ ತೆಗೆದ. ಅವನ ತಲೆ ಅಷ್ಟು ನರೆತಿರುವುದು ನನಗೆ ಗೊತ್ತಿರಲಿಲ್ಲ.

"ಕಟ್ಟಿದ್ನಲ್ಲ ಅತ್ತೆ. ಜ್ಯಾಸ್ಲಿನ್ ಮಣ್ಣಿನ ದಿನಾನೇ ಕಟ್ಟಿದೆ. ಟಾಶಿನಾ ಕೂದಲು ನೋಡಿ ಹೆದರಿಕೆ ಆಯ್ತು. ಬೆಳಿಗ್ಗೆನೇ ಕಳಿಸಿದ್ದೆ. ಅವ್ರು ಏನೂ ಹೇಳ್ಲಿಲ್ಲ. ಅದು ಬೇಡ ಅಂದ ಹಾಗೇ ಅಂದ್ಕೊಂಡು ಸುಮ್ನಾದೆ."

"ಯಾರ ಕೈಲಿ ಕಳಿಸಿದೆ?"

ಅವನು ನನ್ನ ಮುಖ ನೋಡಿದ. ಹೇಳುವ ಮೊದಲೇ ಇಬ್ಬರಿಗೂ ಅರ್ಥವಾಯಿತು.

"ಟಾಶಿನಾ ಕೈಲಿ," ಎಂದ. "ಇನ್ಯಾರ ಕೈಲಿ ಅತ್ತೆ? ಎಲ್ಲಾನೂ ಅವಳ ಕೈಲೇ ತಾನೇ."

ಎರಡು ತಿಂಗಳಿಂದ ಅವನು ಅತ್ತೆ ಮಗುವನ್ನು ಕೈಬಿಟ್ಟಳು ಎಂದುಕೊಂಡಿದ್ದ. ಅವಳು ಅಳಿಯನಿಗೆ ಮಗಳ ಚಿಂತೆಯಿಲ್ಲ ಎಂದುಕೊಂಡಿದ್ದಳು. ಯಾಕೆ ಎಂದು ಕೇಳುವ ಹಾಗಿಲ್ಲ. ಕೇಳಬೇಕಾದರೆ ಅದನ್ನೂ ಹುಡುಗಿಯೇ ಒಯ್ಯಬೇಕಿತ್ತು.

ನಾನು ಹೇಳಿದ್ದನ್ನು ಆರ್ಡೆಲ್ ಕೂತು ಕೇಳಿದಳು. ಪ್ರಮಾಣ ಮುರಿದದ್ದಕ್ಕೆ ಬೈಯಲಿಲ್ಲ. ಎದ್ದು ಹೊರಗೆ ಹೋದಳು. ಟಾಶಿನಾ ಮೆಟ್ಟಿಲ ಮೇಲೆ ಮೊಣಕಾಲು ಅಪ್ಪಿಕೊಂಡು ಕೂತಿದ್ದಳು. ಆರ್ಡೆಲ್ ಪಕ್ಕದಲ್ಲಿ ಕೂತಳು. ನಾನು ಬಾಗಿಲ ಒಳಗೇ ನಿಂತೆ.

"ನಿಮ್ಮಪ್ಪ ಒಂದು ಕೆಂಪು ಗಂಟು ಕೊಟ್ಟಿದ್ನಾ ಮಗಳೇ, ನಂಗೆ ಕೊಡು ಅಂತ?"

"ಹೂಂ."

"ಎಲ್ಲಿದೆ?"

"ಜ್ಯಾಸ್ಲಿನ್ ಹತ್ರ."

"ಜ್ಯಾಸ್ಲಿನ್ ಹತ್ರ ಅಂದ್ರೆ?"

"ಪೆಟ್ಟಿಗೆ ಒಳಗೆ. ಕೌದಿ ಕೆಳಗೆ ಇಟ್ಟೆ." ಅಷ್ಟು ದಿನಗಳಲ್ಲಿ ಅವಳು ಆಡಿದ ಅತಿ ಉದ್ದದ ಮಾತು ಆಮೇಲೆ ಬಂತು. "ಅವಳಿಗೋಸ್ಕರ ಯಾರೂ ಕೇಳಿರ್ಲಿಲ್ಲ ಅಜ್ಜಿ. ಯಾರೂ ನಿನ್ನ ಹತ್ರ ಬಂದಿರ್ಲಿಲ್ಲ. ಅವಳ ಮನೇಲಿ ಯಾರಿಗೂ ಗೊತ್ತೇ ಇರ್ಲಿಲ್ಲ. ನಂಗೆ ಗೊತ್ತಿತ್ತು. ನಾನು ಕೇಳ್ಬೋದಿತ್ತು. ನಾನು ಕೇಳ್ಲಿಲ್ಲ."

ಆರ್ಡೆಲ್ ಅವಳ ಮೋಟುಗೂದಲಿನ ಮೇಲೆ ಕೈಯಿಟ್ಟಳು. ಹುಡುಗಿ ಕೊಡವಲೂ ಇಲ್ಲ, ಒರಗಲೂ ಇಲ್ಲ.

ಮರುದಿನ ಲೀಲ್ಯಾಂಡ್ ಎರಡನೆಯ ಗಂಟು ಕಟ್ಟಿ ನನ್ನ ಕೈಗೆ ಕೊಟ್ಟ. ನಾನು ಅದನ್ನು ಅಂಗೈಗಳ ಮೇಲೆ ಹೊತ್ತುಕೊಂಡು ಅಂಗಳ ದಾಟಿ, ಆರ್ಡೆಲ್ ಮುಂದೆ ನೆಲಕ್ಕೆ ಇಟ್ಟೆ. ಅವನು ಬಾಗಿಲ ಆಚೆ, ಗೋಡೆಗೆ ಮುಖ ಮಾಡಿ ನಿಂತಿದ್ದ. ಅವಳು ಅದನ್ನು ಎತ್ತಿ ಎದೆಗೊತ್ತಿಕೊಂಡಳು. ಅರ್ಧ ಕೆಲಸ ಆಯಿತು. ಇನ್ನರ್ಧಕ್ಕೆ ಮೊಮ್ಮಗಳ ಕಡೆ ತಿರುಗಿದಳು.

"ನಿಮ್ಮಪ್ಪ ನಿನಗೋಸ್ಕರ ಕೇಳಿದಾನೆ. ನೀನು ಒಪ್ತೀಯಾ ಮಗಳೇ?"

"ಬೇಡ ಅಜ್ಜಿ," ಎಂದಳು ಟಾಶಿನಾ. ಸಿಟ್ಟಿನಿಂದಲ್ಲ, ಬಡಿಸಲು ಬಂದವರಿಗೆ ಸಾಕು ಅನ್ನುವ ಹಾಗೆ. "ಅವಳಿಗೆ ಸಿಕ್ಕಿಲ್ಲ. ನಂಗ್ಯಾಕೆ."

ಬಾಗಿಲಾಚೆ ಲೀಲ್ಯಾಂಡ್ ಹಣೆಯನ್ನು ಗೋಡೆಗೆ ಆನಿಸಿದ.

ನಾನು ಓದಿದವಳಲ್ಲ. ಆದರೂ ಅಂದು ನನ್ನ ತಲೆಗೆ ಬಂದದ್ದನ್ನೆಲ್ಲ ಆರ್ಡೆಲ್‌ಗೆ ಹೇಳಿದೆ. ಮಕ್ಕಳ ಬೇಡ ಬೇಡವಲ್ಲ, ಹದಿನೈದು ವರ್ಷದವಳಿಗೇನು ಗೊತ್ತು, ಕೈಹಿಡಿದು ಗುಡಿಸಲಿಗೆ ಕೂರಿಸು ಎಂದೆ. ಅವಳು ತಲೆಯಾಡಿಸಿದಳು.

"ಆ ಶಾಲೇಲಿ ನಮಗೆ ಒಳ್ಳೇದಾಗ್ಲಿ ಅಂತಾನೇ ಕೈಹಿಡಿದು ಕೂರಿಸಿ ಎಲ್ಲಾ ಮಾಡಿದ್ರು. ಕೈಹಿಡಿದು ಕೂರಿಸೋ ಒಳ್ಳೇದು ನಂಗೆ ಗೊತ್ತು."

ನಾನು ಎದ್ದು ಮನೆಗೆ ಬಂದೆ.

ಎರಡು ದಿನ ಬಿಟ್ಟು ಮಧ್ಯಾಹ್ನ ಹೋದಾಗ ಆರ್ಡೆಲ್ ಒಲೆಯ ಮುಂದೆ ನಿಂತಿದ್ದಳು. ಒಣಮಾಂಸ ಮತ್ತು ತಿಂಪ್ಸಿಲಾ ಗೆಡ್ಡೆಯ ಸೂಪು ಕುದಿಯುತ್ತಿತ್ತು. ಅವಳ ಎಡಗೈಯಲ್ಲಿ ಸೌಟು. ಬಲಗೈ ಮುಷ್ಟಿ. ನಾನು ಬಂದದ್ದು ಕೇಳಿದರೂ ತಿರುಗಲಿಲ್ಲ. ಮುಷ್ಟಿ ಪಾತ್ರೆಯ ಮೇಲೆ ಇತ್ತು, ಹಬೆ ಅದನ್ನು ಒದ್ದೆ ಮಾಡುತ್ತಿತ್ತು. ನಾನು ಬೇಡ ಅನ್ನಬೇಕೋ ಹಾಕು ಅನ್ನಬೇಕೋ ತಿಳಿಯದೆ ನಿಂತೆ. ನಿಜ ಹೇಳಬೇಕೆಂದರೆ, ಹಾಕಲಿ ಎಂದೇ ಬೇಡಿಕೊಂಡೆ.

ಅವಳು ಮುಷ್ಟಿ ಹಿಂದಕ್ಕೆ ತೆಗೆದಳು. ಬೇರಿನ ಪುಡಿ ಬೆವರಿಗೆ ಅಂಗೈಗೆ ಮೆತ್ತಿಕೊಂಡಿತ್ತು. ಅದನ್ನು ಚೀಲಕ್ಕೆ ಉದುರಿಸಿ, ಉಳಿದ ಬೇರುಗಳನ್ನೂ ಕಪಾಟಿನಿಂದ ಇಳಿಸಿ, ಎಲ್ಲವನ್ನೂ ಒಂದು ಹಿಟ್ಟಿನ ಚೀಲಕ್ಕೆ ತುಂಬಿ ಬಾಯಿ ಕಟ್ಟಿ ನನ್ನ ಮುಂದೆ ಇಟ್ಟಳು.

"ತಗೊಂಡು ಹೋಗು. ನಿನ್ನ ಮನೇಲಿಟ್ಕೊ. ಇಲ್ಲಿದ್ರೆ ನನ್ನ ಕೈ ಸುಮ್ನಿರಲ್ಲ."

"ಯಾರಾದ್ರೂ ಮದ್ದಿಗೆ ಬಂದ್ರೆ?"

"ನಿನ್ನ ಹತ್ರ ಕಳಿಸ್ತೀನಿ. ಬೀಗಿತ್ತಿ ಆಗಿ ಇಷ್ಟೂ ಮಾಡದೇ ಇದ್ರೆ ಹೇಗೆ?" ನಗಲು ನೋಡಿದಳು, ಆಗಲಿಲ್ಲ.

ವೈದ್ಯರ ಹತ್ತೊಂಬತ್ತು ದಿನ ಮುಗಿಯುವ ಮೊದಲೇ ಟಾಶಿನಾ ಶಾಲೆಯ ಪುಸ್ತಕದಲ್ಲಿ ಏನೋ ಬರೆದದ್ದನ್ನು ಆಪ್ತಸಲಹೆಗಾರ್ತಿ ನೋಡಿದಳು. ಅಂದೇ ಫೋನು ಮಾಡಿ, ಜಗಳವಾಡಿ, ಮೂರು ಗಂಟೆ ದಾರಿಯ ನಗರದ ಆಸ್ಪತ್ರೆಯಲ್ಲಿ ಹುಡುಗಿಗೊಂದು ಹಾಸಿಗೆ ಕೊಡಿಸಿದಳು. ಒಂಬತ್ತು ದಿನ ಇಟ್ಟುಕೊಂಡರು. ಆ ಒಂಬತ್ತು ದಿನ ಆರ್ಡೆಲ್ ಅಡುಗೆ ಮಾಡಿ ಬಾಗಿಲ ಹತ್ತಿರದ ಮೇಜಿನ ಮೇಲಿಟ್ಟು ಹೊರಗೆ ಹೋಗುತ್ತಿದ್ದಳು. ಲೀಲ್ಯಾಂಡ್ ಬಂದು ತಿಂದು ತಟ್ಟೆ ತೊಳೆದಿಟ್ಟು ಹೋಗುತ್ತಿದ್ದ. ಅವರ ಮಾತು ನಾನು ಒಯ್ದೆ. ಅವಳು ಏನಾದರೂ ತಿಂದಳಂತಾ? ಅರ್ಧ ಸೇಬು ತಿಂದಳಂತೆ. ಇಷ್ಟೇ. ನನಗೆ ಕೀಟಲೆ ಸೇರಿಸಲು ಬರುವುದಿಲ್ಲ.

ಹುಡುಗಿ ಮಾತ್ರೆಗಳ ಜೊತೆ ವಾಪಸು ಬಂದಳು. ದಿನಾ ಬೆಳಿಗ್ಗೆ ಅಜ್ಜಿಯೇ ಎಣಿಸಿ ಕೊಡುತ್ತಾಳೆ.

"ಆಸ್ಪತ್ರೆಯವ್ರು ಕೇಳಿದ್ರು, ಅವಳು ಹೂಂ ಅಂದಿದಾಳೆ. ಆ ಮದ್ದು ಕೆಲಸ ಮಾಡ್ಲಿ," ಎನ್ನುತ್ತಾಳೆ ಆರ್ಡೆಲ್.

ಮಾತ್ರೆ ಕೊಟ್ಟಾದ ಮೇಲೆ ಅವಳು ತನ್ನ ಮದ್ದಿಗೂ ಒಪ್ಪಿಗೆ ಕೇಳುತ್ತಾಳೆ. ನಾನು ನೋಡಿದ್ದೇನೆ. ಮಂಚದ ಅಂಚಿನಲ್ಲಿ ಕೂತು, "ಇವತ್ತು ಒಪ್ತೀಯಾ ಮಗಳೇ?" ಹುಡುಗಿ, "ಇವತ್ತು ಬೇಡ ಅಜ್ಜಿ." ಅಷ್ಟೇ. ಎದ್ದು ಬರುತ್ತಾಳೆ.

"ಕಟ್ಟಳೆ ಪ್ರಕಾರ ಒಂದೇ ಸಲ ಅಲ್ವೇನೆ ಕೇಳೋದು?" ಎಂದೆ ಒಮ್ಮೆ.

"ಒಂದು ಸಲ ಕೇಳೋದು ಮದ್ದು ಕೊಡೋಳು. ದಿನಾ ಕೇಳೋಳು ಅಜ್ಜಿ."

"ದಿನಾ ಬೇಡ ಅಂತಾಳಲ್ಲೇ."

"ಅನ್ಲಿ. ಬೇಡ ಅನ್ನೋಕೆ ಇರ್ಬೇಕಲ್ಲ."

ಈಗ ಜೂನ್. ಗುರುವಾರ ನಾವು ಗುಡಿಸಲಿಗೆ ಹೋಗುತ್ತೇವೆ, ಟಾಶಿನಾ ಬರುವುದಿಲ್ಲ. ಬೇರಿನ ಚೀಲ ನನ್ನ ಮಂಚದ ಕೆಳಗಿದೆ. ಪ್ರಾರ್ಥನೆ ಮಾಡುವಾಗ ಮೊದಮೊದಲು ಅವಳನ್ನು ಗುಣಪಡಿಸು ಎಂದು ಕೇಳುತ್ತಿದ್ದೆ. ಈಗ ನಾಳೆಯವರೆಗೆ ಎಂದಷ್ಟೇ ಕೇಳುತ್ತೇನೆ. ಅದಕ್ಕಿಂತ ಹೆಚ್ಚು ಕೇಳಲು ಬಾಯಿ ಬರುವುದಿಲ್ಲ.

ಕಳೆದ ಮಂಗಳವಾರ ಬೆಳಿಗ್ಗೆ ಹಾಲು ಕೇಳಲು ಹೋದೆ. ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ಒಲೆ ಹೊತ್ತಿಸಿರಲಿಲ್ಲ. ಆರ್ಡೆಲ್ ಹುಡುಗಿಯ ಕೋಣೆಯ ಮುಂದೆ ನಿಂತಿದ್ದಳು, ಒಂದು ಕೈಯಲ್ಲಿ ಮಾತ್ರೆ, ಇನ್ನೊಂದರಲ್ಲಿ ನೀರಿನ ಲೋಟ. ಬಾಗಿಲು ಅರ್ಧ ತೆರೆದಿತ್ತು.

"ಎರಡು ಸಲ ಕರೆದೆ," ಎಂದಳು ಪಿಸುಮಾತಿನಲ್ಲಿ. "ಮಾತಾಡ್ಲಿಲ್ಲ."

"ಒಳಗೆ ಹೋಗೇ."

"ಕಾಲು ಬರ್ತಿಲ್ಲ."

ನಾನೂ ಒಳಗೆ ಹೋಗಲಿಲ್ಲ. ನನ್ನ ಕಾಲೂ ಬರಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಇಬ್ಬರು ಮುದುಕಿಯರು ಹೊಸ್ತಿಲಾಚೆ ಉಸಿರು ಬಿಗಿಹಿಡಿದು ನಿಂತೆವು. ಒಳಗೆ ಗೋಡೆಯ ಕಡೆ ತಿರುಗಿದ ಒಂದು ಬೆನ್ನು, ಹೊದಿಕೆ, ಕತ್ತಿನವರೆಗೆ ಬೆಳೆದ ಕೂದಲು. ಹೊರಗೆ ಗಾಳಿ ಎಷ್ಟು ಜೋರಾಗಿತ್ತೆಂದರೆ ಬೇರೇನೂ ಕೇಳಿಸುತ್ತಿರಲಿಲ್ಲ. ಆಮೇಲೆ ಗಾಳಿ ಒಂದು ಗಳಿಗೆ ನಿಂತಿತು.

"ಉಸಿರಾಡ್ತಿದಾಳೆ," ಎಂದಳು ಆರ್ಡೆಲ್.

ಬಾಗಿಲನ್ನು ಇದ್ದ ಹಾಗೇ ಬಿಟ್ಟು, ಕಾಫಿಗೆ ನೀರಿಡಲು ಹೋದಳು. ಹುಡುಗಿ ಏಳುವವರೆಗೆ ನಾವು ಕಾಯುತ್ತ ಕೂತೆವು.